ಕೊಳವೆ ಬಾಯಿಯ ಹೊನಗೊನೆ

ಮಾರ್ಚ್ 4, 1984. ಪೀಣ್ಯ. ಬೆಳಿಗ್ಗೆ 7.00

ಎಂದಿನಂತೆ ಬುಟ್ಟಿ ಹೊತ್ತು ಅಜ್ಜಿಯ ಹಿಂದೆ ಕೆರೆಗೆ. ಏಳು ತಿಂಗಳ ಬಸುರಿ ಅನುಸೂಯಕ್ಕ ತವರಿಗೆ ಬಂದು ತಿಂಗಳಾಯ್ತು, ಅವತ್ತಿಂದ ದಿನಾ ಹೊನಗೊನೆ ಸೊಪ್ಪಿನ ಸಾರು. ಮಗುವಿನ ಕಣ್ಣಿಗೆ ಒಳ್ಳೇದಂತೆ. ಲೋಹಕ್ಕೆ ಹೊಳಪು ಲೇಪಿಸುವ ಪ್ಲೇಟಿಂಗ್ ಶೆಡ್ಡಿನ ಹಳದಿ ನೀರು ಬೀಳುವ ಕೊಳವೆ ಬಾಯಲ್ಲೇ ಸೊಪ್ಪು ಸಕ್ಕತ್ ಸೊಂಪು. ಆ ಜಾಗ ತೋರಿಸಿದ ಪುಣ್ಯಾತ್ಮ ನಾನೇ. ಸರ್ಕಾರದ ಗೊಬ್ಬರದ ನೀರು, ಪೂರ್ತಿ ಫ್ರೀ ಅಂದಿದ್ದೆ. ಅಜ್ಜಿ ನಂಬಿದಳು. ಈ ಡೈರಿಯ ಘನ ಚರಿತ್ರೆಯಲ್ಲಿ ನನ್ನ ಸುಳ್ಳಿನ ಮೂವತ್ತೊಂದನೇ ದಿಗ್ವಿಜಯ.

ಒಂದು ಕಟ್ಟು ಕಾಲೇಜಿಗೂ. ಬಾಟನಿ ಶ್ಯಾಮಣ್ಣ ಮೇಷ್ಟ್ರು ಕೆರೆ ಗಿಡಗಳನ್ನ ಟೆಸ್ಟ್ ಮಾಡಿಸ್ತಿದ್ದಾರೆ.

ಮಾರ್ಚ್ 19

ರಿಪೋರ್ಟ್ ಬಂತು. ಕ್ರೋಮಿಯಂ, ನಿಕ್ಕಲ್. ಬೇರಲ್ಲಿ ರಾಶಿ. ಎಲೆಯಲ್ಲೂ ಜಾಸ್ತಿನೇ. ಇಷ್ಟು ವಿಷಕ್ಕೆ ಗಿಡ ಸಾಯಬೇಕಲ್ವಾ ಸಾರ್ ಅಂದೆ. ಕೆಲವು ಸಾಯಲ್ಲವಂತೆ. ವಿಷಾನ ತಮ್ಮೊಳಗೇ ಒಂದು ಮೂಲೇಲಿ ಬೀಗ ಹಾಕಿಟ್ಟು ಹಸಿರಾಗೇ ಇರ್ತವಂತೆ.

"ತೊಳೆದ್ರೂ ಹೋಗಲ್ಲ, ಬೇಯಿಸಿದ್ರೂ ಹೋಗಲ್ಲ ಕಣಯ್ಯ. ಇದನ್ನ ಯಾರೂ ತಿನ್ನಲ್ಲ ತಾನೇ?"

ನಕ್ಕುಬಿಟ್ಟೆ. ಯಾಕೆ ನಕ್ಕೆನೋ.

ಅದೇ ದಿನ, ಸಂಜೆ

ಮನೇಲಿ ಎಲ್ಲ ಹೇಳಿದೆ. ಅಕ್ಕ ಹೊಟ್ಟೆ ಹಿಡ್ಕೊಂಡು ನಕ್ಕಳು. ಹೋದ ತಿಂಗಳು ಬಾವೀಲಿ ಮೊಸಳೆ ಇದೆ ಅಂದವನು ನೀನೇ ತಾನೇ ಅಂದಳು ಅಜ್ಜಿ. ಸಾರಿಗೆ ಒಗ್ಗರಣೆ ಬಿತ್ತು.

ಮಾರ್ಚ್ 21

ಉಪಾಯ ಮಾಡಿದೆ. ಕೊಳವೆ ಹತ್ತಿರ ಕುಂಕುಮ ಮೆತ್ತಿದ ನಿಂಬೆಹಣ್ಣು, ಸುತ್ತ ಕರಿ ದಾರ. ಮಾಟ ಅಂದ್ರೆ ಯಾರೂ ದಾಟಲ್ಲ.

ಅಜ್ಜಿ ದಾಟಿದಳು. ನಿಂಬೆಹಣ್ಣನ್ನೇ ತಂದು ನನ್ನ ಮುಂದಿಟ್ಟಳು. ದಾರಕ್ಕೆ ಹಾಕಿದ್ದ ನನ್ನ ಗಾಳಿಪಟದ ಗಂಟು ಅವಳಿಗೆ ಗೊತ್ತು. "ಬಸುರಿ ಇರೋ ಮನೇಲಿ ಇಂಥ ಆಟ ಬ್ಯಾಡ ಕಣೋ."

ಬುಟ್ಟಿ ತುಂಬಾ ಹೊನಗೊನೆ.

ಮಾರ್ಚ್ 22. ಮಧ್ಯಾಹ್ನ

ಅಕ್ಕನ ತಟ್ಟೆ ಕಿತ್ಕೊಂಡೆ. ಮುದ್ದೆ ಉರುಳಿತು. ಅಜ್ಜಿ ಎದ್ದು ನಿಂತಳು.

"ನಿಜಾನಾ? ಅವಳ ಒಟ್ಟೆ ಮುಟ್ಟಿ ಆಣೆ ಮಾಡು."

ನನ್ನ ತಲೆ ಮುಟ್ಟಿ ಸುಳ್ಳಾಣೆ ಇಟ್ಟಿದ್ದಕ್ಕೆ ಲೆಕ್ಕವಿಲ್ಲ. ಕೈ ಇಟ್ಟೆ. ಒಳಗಿಂದ ಒದೀತು. ಆದ್ರೂ ಕೈ ತೆಗೀಲಿಲ್ಲ. ಅಜ್ಜಿ ನನ್ನ ಮುಖಾನೇ ನೋಡಿದಳು. ಆಮೇಲೆ ಸಾರಿನ ಪಾತ್ರೆ ಎತ್ಕೊಂಡು ಹೋಗಿ ತಿಪ್ಪೆಗೆ ಸುರಿದಳು.

ಅಕ್ಕನ ಕೈಯಲ್ಲಿ ಇನ್ನೂ ಎಂಜಲು.

"ಒಂದೂವರೆ ತಿಂಗಳು ತಿಂದಿದೀನಲ್ಲೋ ನಂಜ. ಅದೆಲ್ಲಾ ಎಲ್ಲಿ ಹೋಗುತ್ತೆ?"

ಗಿಡವಾದ್ರೆ ಒಂದು ಮೂಲೇಲಿ ಬೀಗ ಹಾಕಿ... ಮನುಷ್ಯರಲ್ಲಿ? ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೇ ಹೋಗಿ ಮೇಷ್ಟ್ರನ್ನ ಕೇಳ್ತೀನಿ. ಕೇಳ್ಕೊಂಡು ಬಂದು ಅಕ್ಕನಿಗೆ ನಿಜಾನೇ ಹೇಳ್ತೀನಿ.