ಊರಂಗಿಯಲ್ಲಿ ಬಿಟ್ಟ ಜಾಗ

ಕೆಂಗಾಳಿಯ ನಾನೂರ ಹದಿನೇಳನೆಯ ವರ್ಷ, ಧೂಳುಮಾಸದ ನಲವತ್ತೊಂದನೆಯ ದಿನ.

ನಮಗಿಂತ ಬಹಳ ಹಿಂದೆ ಬದುಕುತ್ತಿರುವ ನಿಮಗೆ ಬಯಲಕೇರಿಯ ದೇಪವ್ವನ ನಮಸ್ಕಾರ. ನನ್ನ ಬರಹದಲ್ಲಿ ನಿಮ್ಮ ಕಾಲದಲ್ಲಿಲ್ಲದ ಪದಗಳು ಬಂದಾವು, ಮನ್ನಿಸಿ. ನಿಮ್ಮ 'ಮಳೆಗಾಲ' ಎಂಬ ಪದ ನಮ್ಮಲ್ಲೂ ಯಾರಿಗೂ ಅರ್ಥವಾಗುವುದಿಲ್ಲ.

ಇಲ್ಲಿ ಮಗು ನಡೆಯಲು ಕಲಿತೊಡನೆ ಊರಂಗಿ ತೊಡಿಸುತ್ತೇವೆ. ಎಣ್ಣೆ ಹಚ್ಚಿದ ಮೂರು ಪದರದ ಬಟ್ಟೆ ಅದು. ನಿಮ್ಮ ಕುಂಚಿಗೆಯಂತೆ ತಲೆಯಿಂದ ಬೆನ್ನಿನವರೆಗೆ ಇಳಿಯುತ್ತದೆ. ಕೆಂಗಾಳಿ ಎದ್ದರೆ ಚಾಚಿದ ಕೈಯೂ ಕಾಣದು, ಉಸಿರಿನ ಜೊತೆ ಮಣ್ಣು ಒಳಗೆ ಹೋಗುತ್ತದೆ. ಅದಕ್ಕೇ ಅಂಗಿಯ ಅಂಚಿಗೆ ಕೇರಿಯ ಪ್ರತಿ ಮನೆಯವರೂ ತಮ್ಮ ಬಣ್ಣದ ದಾರದಲ್ಲಿ ಒಂದು ಹೊಲಿಗೆ ಹಾಕುತ್ತಾರೆ. ಮಗು ಗಾಳಿಯಲ್ಲಿ ಕಳೆದುಹೋದರೆ ಹೊಲಿಗೆ ಹಾಕಿದವರು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಹುಡುಕಲು ಹೊರಡಲೇಬೇಕು. ಹಾಕದವರಿಗೆ ಆ ಕಟ್ಟುಪಾಡಿಲ್ಲ.

ನನ್ನ ಮೊಮ್ಮಗಳು ತೊರೆಯಿಗೆ ಹೆಸರಿಟ್ಟ ದಿನ, ಕೊನೆಮನೆಯ ಮಾಳವ್ವ ಅವಳನ್ನು ನೋಡಿ, "ಕೂಸು ಉಳಿಯೂದು ಕಷ್ಟ ಐತಿ" ಅಂದಳು. ನನಗೆ ಮೈಯೆಲ್ಲ ಉರಿಯಿತು. ಅಂಗಿ ಹೊಲಿಸುವಾಗ ಅವಳ ಹೊಸ್ತಿಲು ತುಳಿಯಲಿಲ್ಲ. ಅಂಚು ಖಾಲಿ ಕಂಡರೆ ನಾಲ್ಕು ಜನ ಕೇಳುತ್ತಾರಲ್ಲ, ಅವಳ ನೀಲಿ ದಾರದಲ್ಲಿ ನಾನೇ ಒಂದು ಹೊಲಿಗೆ ಹಾಕಿಬಿಟ್ಟೆ.

ಹೋದ ತಿಂಗಳು ಗಾಳಿ ಎದ್ದಾಗ ತೊರೆಯಿ ಅಂಗಳದಿಂದ ಕಾಣೆಯಾದಳು. ಎಲ್ಲರೂ ಹಗ್ಗ ಬಿಗಿದು ಹೊರಟರು. ಕೊನೆಮನೆಯ ಕಡೆಗೆ ಮಾತ್ರ ಯಾರೂ ಹೋಗಲಿಲ್ಲ. ಅಲ್ಲಿ ಮಾಳವ್ವ ಹುಡುಕುತ್ತಾಳೆಂದು ನಂಬಿದ್ದರು. ಆ ನೀಲಿ ಹೊಲಿಗೆ ಅವಳು ಹಾಕಿದ್ದಲ್ಲವೆಂಬುದು ನನಗೂ ಅವಳಿಗೂ ಮಾತ್ರ ಗೊತ್ತಿತ್ತು. ಬಾಯಿ ಬಿಡಲು ನನಗೆ ನಾಚಿಕೆಯಾಯಿತು.

ಗಾಳಿ ಇಳಿದ ಮೇಲೆ ತೊರೆಯಿ, ಮಾಳವ್ವ ಇಬ್ಬರೂ ಕೊನೆಮನೆಯ ಹೊಸ್ತಿಲಲ್ಲಿ ಸಿಕ್ಕರು. ಮಗುವಿನ ಅಳು ಕೇಳಿ ಅವಳು ಹೊರಟಿದ್ದಳಂತೆ. ತನ್ನ ಮುಖದ ಮುಸುಕನ್ನು ಬಿಚ್ಚಿ ತೊರೆಯಿಗೆ ಸುತ್ತಿದ್ದಳು. ಮಗು ಉಳಿಯಿತು. ಮಾಳವ್ವನ ಕಣ್ಣು ಹೋದವು.

ನಾನು ಕಾಲು ಹಿಡಿದು ಎಲ್ಲವನ್ನೂ ಹೇಳಿ ಅಂಗಿಯನ್ನು ಅವಳ ಕೈಗಿಟ್ಟೆ. ಅವಳು ಅಂಚಿನ ಮೇಲೆ ಬೆರಳಾಡಿಸಿ, ನನ್ನ ಸುಳ್ಳು ಹೊಲಿಗೆಯನ್ನು ಹುಡುಕಿ ಕಿತ್ತಳು.

"ಎಷ್ಟ ಸೊಟ್ಟ ಹಾಕಿಯವ್ವಾ ದೇಪಿ! ಸೂಜಿ ತಾ ಇಲ್ಲೆ."

ನಾನು ದಾರ ಪೋಣಿಸಿ ಕೊಟ್ಟೆ, ಅವಳು ಹೊಲಿದಳು.

ನಮ್ಮ ಮಕ್ಕಳು ಅತ್ತರೆ ನಿಮಗೆ ಕೇಳಿಸುವಷ್ಟು ಹತ್ತಿರ ನಾವಿಲ್ಲ. ಈ ಗಾಳಿ ನಿಮ್ಮ ಕಾಲದಲ್ಲಿ ಇನ್ನೂ ಎದ್ದಿಲ್ಲ. ಆದರೂ ಒಂದು ಮಾತು ಹೇಳುತ್ತೇನೆ. ಮಾಳವ್ವನ ಹೊಲಿಗೆಯ ಪಕ್ಕದಲ್ಲಿ ಒಂದು ಬೆರಳಗಲ ಅಂಚನ್ನು ಖಾಲಿ ಬಿಟ್ಟಿದ್ದೇನೆ. ಅದು ನಿಮ್ಮ ಮನೆಯ ಜಾಗ. ಯಾರದಿದು ಎಂದು ಕೇರಿಯವರು ಕೇಳಿದರೆ ನಿಮ್ಮದೆಂದೇ ಹೇಳುತ್ತೇನೆ. ಈ ಸಲ ನಿಮ್ಮ ಹೆಸರಿನಲ್ಲಿ ನಾನು ಹೊಲಿಯುವುದಿಲ್ಲ.