ಹಿಂದಿನ ಸಾಲಿಗೆ ಒಳಗಿನಿಂದ ಹಿಡಿಕೆ ಇಲ್ಲ

ಗಾಡಿಗಳ ಯೋಗ್ಯತೆ ಅಳೆದು ಮುದ್ರೆ ಒತ್ತುವ ಮಾನ್ಯ ಅಧಿಕಾರಿಗಳೇ,

ಇನ್ನೂ ಯಾರೂ ಸತ್ತಿಲ್ಲ. ಸತ್ತ ಮೇಲೆ ಬರೆದ ಪತ್ರಗಳಿಗೆ ಸರ್ಕಾರದಲ್ಲಿ ಬೇಗ ಉತ್ತರ ಬರುತ್ತದೆ ಎಂದು ಬಲ್ಲವರು ಹೇಳುತ್ತಾರೆ. ಆದರೆ ನಾನು ಅವಸರದ ಮನುಷ್ಯ, ಮೊದಲೇ ಬರೆಯುತ್ತಿದ್ದೇನೆ. ಕುಮಟಾ ತಾಲೂಕಿನ ಬಾಡದಲ್ಲಿ ನನ್ನ ನೆರೆಮನೆಯ ಉಮೇಶನ ಏಳು ಸೀಟಿನ ಗಾಡಿಗೆ ತಾವು ಕಳೆದ ಬೇಸಿಗೆಯಲ್ಲಿ ಯೋಗ್ಯತಾ ಪತ್ರ ದಯಪಾಲಿಸಿದಿರಿ. ಆ ಗಾಡಿಯ ಹಿಂದಿನ ಸಾಲಿನಲ್ಲಿ ಕೂತವರು ತಾವಾಗಿ ಹೊರಗೆ ಬರಲಾರರು. ಆ ಸಾಲಿನಲ್ಲಿ ದಿನಾ ಬೆಳಿಗ್ಗೆ ನಮ್ಮೂರಿನ ಮಕ್ಕಳು ಕೂತು ಕುಮಟೆಯ ಶಾಲೆಗೆ ಹೋಗುತ್ತಾರೆ. ದೂರು ಇಷ್ಟೇ. ಪುರುಸೊತ್ತಿಲ್ಲದವರು ಇಲ್ಲಿಂದ ನೇರ ಕೊನೆಯ ಬೇಡಿಕೆಗೆ ಹಾರಬಹುದು. ತಮಗೆ ಪುರುಸೊತ್ತಿದೆ ಎಂಬುದನ್ನು ಕಣ್ಣಾರೆ ಕಂಡವನಾದ್ದರಿಂದ ವಿವರವಾಗಿ ಬರೆಯುತ್ತೇನೆ.

ತಪಾಸಣೆಯ ದಿನ ಉಮೇಶನ ಜೊತೆ ನಾನೂ ಬಂದಿದ್ದೆ. ತಾವು ಮುಂದಿನ ಬಾಗಿಲು ತೆಗೆದು ಸೀಟಿನಲ್ಲಿ ವಿರಾಜಮಾನರಾದಿರಿ. ಹಾರನ್ ಒತ್ತಿದಿರಿ, ಕೂಗಿತು. ಏಸಿ ಹಾಕಿದಿರಿ, ತಂಪಾಯಿತು. ತಾವು ಕಣ್ಣು ಮುಚ್ಚಿದಿರಿ. ಆಹಾ, ಎಂಥ ಏಕಾಗ್ರತೆ ಎಂದು ನಾನು ಮನಸ್ಸಿನಲ್ಲೇ ಕೈಮುಗಿದೆ. ಆಮೇಲೆ ಮುಂದಿನ ಬೆಲ್ಟನ್ನು ಎಳೆದು ಬಿಟ್ಟಿರಿ, ಅದು ಸರಕ್ಕನೆ ಒಳಗೆ ಹೋಯಿತು. "ಈ ಸಲ ಬಂಗಡೆ ಮೀನು ಹೇಗಪ್ಪಾ?" ಎಂದು ಕೇಳಿದಿರಿ. "ಬಂಗಡೆ ಎಲ್ಲದೆ ಸಾಹೇಬ್ರೇ, ಅದಿಲ್ದೇ ಹೋದ್ದಕ್ಕೇ ಗಾಡಿ ತಕಂಡದ್ದು" ಎಂದ ಉಮೇಶ. ತಾವು ನಕ್ಕಿರಿ, ಇಳಿದಿರಿ. ಪರೀಕ್ಷೆ ಮುಗಿಯಿತು.

ಏಳು ಸೀಟಿನ ಗಾಡಿಯನ್ನು ಒಂದೇ ಸೀಟಿನಲ್ಲಿ ಕೂತು ಪರೀಕ್ಷಿಸುವುದರಲ್ಲೂ ಒಂದು ಶಾಸ್ತ್ರವಿದೆ ಎಂದು ಒಪ್ಪುತ್ತೇನೆ. ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಹಿಚುಕಿದರೆ ಸಾಕು. ಆದರೆ ಮಾನ್ಯರೇ, ಅನ್ನದ ಅಗುಳುಗಳೆಲ್ಲ ಒಂದೇ ಪಾತ್ರೆಯಲ್ಲಿ ಬೆಂದಿರುತ್ತವೆ. ಈ ಗಾಡಿಯ ಮುಂದಿನ ಸಾಲು ಬೆಂದದ್ದು ಕಾರ್ಖಾನೆಯಲ್ಲಿ. ಹಿಂದಿನ ಸಾಲು ಬೆಂದದ್ದು ಬಾಡದ ಸಮುದ್ರದಂಡೆಯಲ್ಲಿ.

ಆದ್ದರಿಂದ ತಾವು ಅರ್ಧಕ್ಕೆ ಬಿಟ್ಟ ಕೆಲಸವನ್ನು ನಾನು, ಸಂಬಳ ಬಯಸದೆ, ಮುಗಿಸಿದ್ದೇನೆ. ಪೇಟೆಯಲ್ಲಿ ಗಾಡಿ ಮಾರುವವರು ಆರಾಮ, ಉಪಯೋಗ, ಸುರಕ್ಷತೆ ಎಂದು ಮೂರು ಗುಣಗಳನ್ನು ಹಾಡಿ ಹೊಗಳುತ್ತಾರಲ್ಲ, ನಾನೂ ಅದೇ ದಾರಿ ಹಿಡಿದಿದ್ದೇನೆ. ಆರಾಮದ ವಿಷಯಕ್ಕೆ ಬಂದರೆ, ನಡುವಿನ ಸಾಲು ಪರವಾಗಿಲ್ಲ. ಊಟ ಮಾಡಿ ಕೂತರೆ ಭಟ್ಕಳ ಬರುವುದರೊಳಗೆ ನಿದ್ದೆ ಹತ್ತುತ್ತದೆ. ಹಿಂದಿನ ಸಾಲಿನಲ್ಲಿ ಮಾತ್ರ ಮೊಣಕಾಲು ಗದ್ದಕ್ಕೆ ತಾಗುತ್ತದೆ. ನಿವೃತ್ತ ಮಾಸ್ತರನಾದ ನಾನು ಹುಟ್ಟಿದ ಮೇಲೆ ಆ ಭಂಗಿಯಲ್ಲಿ ಕೂತದ್ದು ಅದೇ ಮೊದಲು. ಏಸಿಯ ಗಾಳಿ ಅಲ್ಲಿಗೆ ಬರುವ ಮೊದಲೇ ಸುಸ್ತಾಗಿ ನಿಲ್ಲುತ್ತದೆ. ಕಿಟಕಿಗೆ ಗಾಜಿದೆ, ಇಳಿಯುವುದಿಲ್ಲ. ಉಮೇಶನ ತಾಯಿ ಗಣಪಿಯಕ್ಕ ಕುಮಟೆಯ ಪೇಟೆಯಲ್ಲಿ ಮೀನು ಮಾರಿ ಬದುಕಿದ ಹೆಂಗಸು. ನನ್ನ ಪಕ್ಕ ಮುದುಡಿ ಕೂತು ಆಕೆ ಹೇಳಿದ ಮಾತನ್ನೇ ತಜ್ಞರ ಅಭಿಪ್ರಾಯವೆಂದು ದಾಖಲಿಸಿಕೊಳ್ಳಿ: "ಬುಟ್ಟಿಯೊಳ್ಗೆ ಬಂಗಡೆ ಇದ್ಕಿಂತ ಆರಾಮಾಗಿ ಮಲ್ಗಿರ್ತದೆ ತಮಾ."

ಇನ್ನು ಉಪಯೋಗ. ಉಮೇಶ ಬೋಟಿನಲ್ಲಿ ತಾಂಡೇಲನಾಗಿದ್ದವ. ಬೋಟು ನಡೆಸುವ ಯಜಮಾನಿಕೆ ಮಾಡಿದವನ ಕಣ್ಣಿಗೆ ಖಾಲಿ ಜಾಗ ಎಂದರೆ ನಷ್ಟ. ನಡುವಿನ ಸೀಟು ಮಡಚಿ ಹಿಂದಿನವರು ಒಳಗೆ ಹೋಗುವ ಸಂದಿಯನ್ನು ಕಂಪನಿಯವರು ದಡ್ಡತನದಿಂದ ಬಿಟ್ಟಿದ್ದಾರೆ ಎಂದು ಅವನು ತಿಳಿದ. ಹಳೆಯ ದೋಣಿಯ ಹಲಗೆಯೊಂದನ್ನು ಅಲ್ಲಿ ಅಡ್ಡ ಇಟ್ಟು ಬಿಗಿದ. ಈಗ ಅದರ ಮೇಲೂ ಮಕ್ಕಳು ಕೂರುತ್ತಾರೆ. ಹಿಂದಿನ ಸಾಲಿನವರು ಹತ್ತುವುದು, ಇಳಿಯುವುದು ಎಲ್ಲ ಡಿಕ್ಕಿಯ ಬಾಗಿಲಿನಿಂದ. ಉಪಯೋಗದ ದೃಷ್ಟಿಯಿಂದ ಪೂರ್ಣ ಅಂಕ.

ಆ ಡಿಕ್ಕಿಯ ಬಾಗಿಲಿಗೂ ತಮ್ಮ ತಪಾಸಣೆಗಿಂತ ಹಳೆಯದಾದ ಒಂದು ಚರಿತ್ರೆಯಿದೆ. ಉಪ್ಪುಗಾಳಿಗೆ ಅದರ ಲಾಕು ಹಾಳಾಗಿತ್ತು. ಉಮೇಶನ ಮಗಳು ಧನ್ಯಾ ಒಂದು ದಿನ ಒರಗಿ ಕೂತಾಗ ಬಾಗಿಲು ತೆರೆದುಕೊಂಡು ಅವಳ ಪಾಟಿಚೀಲ ರಸ್ತೆಗೆ ಬಿತ್ತು. ಮಗು ಬೀಳಲಿಲ್ಲ. ಬೆಚ್ಚಿದ ಅಪ್ಪ ಅವತ್ತೇ ಬೋಟಿನ ಐಸ್ ಪೆಟ್ಟಿಗೆಯ ಚಿಲಕ ಬಿಚ್ಚಿ ತಂದು ಬಾಗಿಲಿಗೆ ಹೊರಗಿನಿಂದ ಜಡಿದ. ಗಟ್ಟಿ ಚಿಲಕ, ಎಂಥ ಅಲೆಗೂ ಬಿಚ್ಚುವುದಿಲ್ಲ. ಅದಕ್ಕೆ ಒಳಗಿನಿಂದ ಹಿಡಿಕೆ ಇಲ್ಲ. ಐಸ್ ಪೆಟ್ಟಿಗೆಯ ಒಳಗಿರುವ ಮೀನಿಗೆ ಹಿಡಿಕೆ ಯಾಕೆ ಬೇಕು?

ಬೆಲ್ಟುಗಳ ಕತೆ ಬೇರೆ. ಅದನ್ನು ಹೇಳುವಾಗ ನನಗೂ ನಗು ಬರುವುದಿಲ್ಲ. ಗಣಪಿಯಕ್ಕನ ಗಂಡ ಬೀರ ಇದ್ದ ದೋಣಿ ಹಿಂದೊಮ್ಮೆ ಮಾವಿನಕುರ್ವೆಯ ಅಳಿವೆಯಲ್ಲಿ, ಶರಾವತಿ ಸಮುದ್ರ ಸೇರುವಲ್ಲಿ, ಮಗುಚಿತು. ಜೊತೆಯವರೆಲ್ಲ ಹಾರಿ ಈಜಿ ದಂಡೆ ಸೇರಿದರು. ಬೀರನ ಕಾಲಿಗೆ ಬಲೆಯ ಹಗ್ಗ ಸುತ್ತಿಕೊಂಡಿತ್ತು. ಅಂದಿನಿಂದ ಆ ಮನೆಯಲ್ಲಿ ಒಂದು ನೇಮ: ಪ್ರಯಾಣದಲ್ಲಿ ಮೈಮೇಲೆ ಹಗ್ಗ ಇರಕೂಡದು. ಹೊಸದಾಗಿ ಮನೆಗೆ ಬಂದ ಗಾಡಿಗೆ ಆರತಿ ಎತ್ತಿ, ಕಾಯಿ ಒಡೆದು, ಗಣಪಿಯಕ್ಕ ಒಳಗೆ ಇಣುಕಿದಳು.

"ಇದೆಂತದಾ ಪಟ್ಟಿ?"

"ಬೆಲ್ಟು ಆಯೀ. ಕಟ್ಕಂಡು ಕೂತ್ಕಣೂಕೆ."

"ಕಟ್ಕಂಡು ಕೂತ್ರೆ ಹಾರೂದು ಹ್ಯಾಂಗೆ?"

ಉತ್ತರಕ್ಕೆ ಕಾಯದೆ ಮೀನು ಕೊಯ್ಯುವ ಕತ್ತಿ ತಂದಳು. ನಡುವಿನ ಸಾಲು, ಹಿಂದಿನ ಸಾಲು ಎರಡರಲ್ಲೂ ಒಂದು ಬೆಲ್ಟೂ ಉಳಿಯಲಿಲ್ಲ. ಮುಂದಿನವಕ್ಕೆ ಉಮೇಶ ಅಡ್ಡ ನಿಂತ. "ಅದೊಂದು ಬಿಡೇ ಆಯೀ, ಅಲ್ಲಿ ಪೊಲೀಸ್ರು ನೋಡ್ತಾರೆ." ಮಾನ್ಯರೇ, ಪೊಲೀಸರು ನೋಡುವುದೂ ಅಲ್ಲಿಗೇ, ತಾವು ನೋಡುವುದೂ ಅಲ್ಲಿಗೇ. ಈ ನಾಡಿನಲ್ಲಿ ಸುರಕ್ಷತೆ ಎಂಬುದು ಮುಂದಿನ ಗಾಜಿನಿಂದ ಎಷ್ಟು ಕಾಣುತ್ತದೋ ಅಷ್ಟೇ ಇರುತ್ತದೆಯೇ?

ಇಲ್ಲಿ ಖಳನಾಯಕ ಯಾರೂ ಇಲ್ಲ, ಗಮನಿಸಿ. ತಾಯಿ ಬೆಲ್ಟು ಕೊಯ್ದದ್ದು ಮೊಮ್ಮಗಳು ಹಾರಿ ಬದುಕಲಿ ಎಂದು. ಮಗ ಚಿಲಕ ಜಡಿದದ್ದು ಮಗಳು ಬೀಳದಿರಲಿ ಎಂದು. ಬಿಡಿಬಿಡಿಯಾಗಿ ನೋಡಿದರೆ ಎರಡೂ ಅಕ್ಕರೆ. ಒಟ್ಟಿಗೆ ನೋಡಿದರೆ ಬೋನು. ಒಟ್ಟಿಗೆ ನೋಡಲಿಕ್ಕೆಂದೇ ಅಲ್ಲವೇ ಸರ್ಕಾರ ತಮ್ಮನ್ನು ಅಲ್ಲಿ ಕೂರಿಸಿದ್ದು?

ಸುರಕ್ಷತೆಯ ಪರೀಕ್ಷೆ ನಾನು ಬಯಸದೆಯೇ ನಡೆಯಿತು. ಮಳೆ ಹಿಡಿದ ಮೊದಲ ವಾರ. ಉಮೇಶನ ಹೆಂಡತಿ ಕುಸುಮಾಳ ತಂಗಿಯ ಮಗುವಿಗೆ ಭಟ್ಕಳದಲ್ಲಿ ತೊಟ್ಟಿಲ ಶಾಸ್ತ್ರ. ನೆರೆಯವನೆಂದು ನನ್ನನ್ನೂ ಕರೆದಿದ್ದರು. ಪಾಯಸ ಉಂಡು, ಭಟ್ಕಳ ಮಲ್ಲಿಗೆಯ ದಂಡೆ ಕಟ್ಟಿಸಿಕೊಂಡು ಮಧ್ಯಾಹ್ನದ ಮೇಲೆ ಹೊರಟೆವು. ಮುಂದೆ ಉಮೇಶ, ಕುಸುಮಾ; ನಡುವೆ ಮಲ್ಲಿಗೆ, ಹಣ್ಣಿನ ಬುಟ್ಟಿ, ಕುಸುಮಾಳ ಕಡೆಯ ನೆಂಟರು; ಹಿಂದೆ ಗಣಪಿಯಕ್ಕ, ಧನ್ಯಾ, ನಾನು. ಹೊರಗಿನಿಂದ ಚಿಲಕ ಬಿದ್ದ ಸದ್ದು ಕೇಳಿತು. "ಆತು, ಹೋಪಾ" ಎಂದ ಉಮೇಶ.

ಹೊನ್ನಾವರದಲ್ಲಿ ಶರಾವತಿಯ ಸೇತುವೆ ಬಂದಾಗ ಗಣಪಿಯಕ್ಕ ಎಂದಿನಂತೆ ಮಾವಿನಕುರ್ವೆಯ ಕಡೆ ತಿರುಗಿ ಕೈಮುಗಿದಳು. ಮಲ್ಲಿಗೆಯ ತುಂಡೊಂದನ್ನು ಹೊಳೆಗೆ ಹಾಕಬೇಕೆಂದು ಕಿಟಕಿ ತಡವಿದಳು. ಗಾಜು ಇಳಿಯಲಿಲ್ಲ. ಹೂವನ್ನು ಗಾಜಿನ ಬುಡದಲ್ಲೇ ಇಟ್ಟು, "ಇಲ್ಲೇ ಇರ್ಲಿ, ಅವಂಗೆ ಕಾಣ್ತದೆ" ಎಂದಳು. ನನಗೆ ಆ ಮಾತು ಹಿಡಿಸಲಿಲ್ಲ.

ಹೊನ್ನಾವರ ದಾಟಿ ಕುಮಟೆಯ ಕಡೆ ಬರುವಾಗ, ವರ್ಷಗಟ್ಟಲೆ ಅಗಲ ಮಾಡುತ್ತಲೇ ಇರುವ ಹೆದ್ದಾರಿ ಒಂದು ಕಡೆ ತಗ್ಗಿಗೆ ಇಳಿಯುತ್ತದೆ. ಗುಡ್ಡದ ನೀರೆಲ್ಲ ಅಲ್ಲಿ ಸೇರಿ ಕೆಂಪಗೆ ನಿಂತಿತ್ತು. ಉಮೇಶ ಬೋಟು ದಾಟಿಸುವ ಧೈರ್ಯದಲ್ಲಿ ಇಳಿಸಿದ. ನಡುನೀರಿನಲ್ಲಿ ಎಂಜಿನ್ ನಿಂತಿತು. ಮುಂದಿನವರೂ ನಡುವಿನವರೂ ಇಳಿದರು. ನಮ್ಮ ಎದುರು ಹಲಗೆ ಬಿಗಿದ ಸೀಟು ಮಡಚಲಿಲ್ಲ, ಅದರ ಮೇಲಿನ ಸಂದಿಗೆ ಹಣ್ಣಿನ ಬುಟ್ಟಿ ಜಡಿದು ಕೂತಿತ್ತು. ಉಮೇಶ ಆಚೆ ದಂಡೆಯಲ್ಲಿದ್ದ ಟ್ರ್ಯಾಕ್ಟರ್ ಕರೆಯಲು ನೀರಿನಲ್ಲಿ ಓಡಿದ. ಅಷ್ಟರಲ್ಲಿ ಎದುರಿನಿಂದ ಲಾರಿಯೊಂದು ನೀರು ಸೀಳುತ್ತ ಹೋಯಿತು. ಅದರ ಅಲೆಗೆ ಗಾಡಿ ಒಮ್ಮೆ ತೇಲಿ, ಬಾಲ ತಗ್ಗಾಗಿ ಕೂತಿತು. ನೀರು ಒಳಗೆ ಬಂದು ಮೊಣಕಾಲಿಗೆ ಏರಿತು. ಹಿಂದಿನ ಸಾಲಿನಲ್ಲಿ ಮೊಣಕಾಲು ಎಲ್ಲಿರುತ್ತದೆ ಎಂದು ಆಗಲೇ ತಿಳಿಸಿದ್ದೇನೆ.

"ಅಜ್ಜೀ, ಈಗ ಹಾರೂದಾ?" ಎಂದಳು ಧನ್ಯಾ. ಅಜ್ಜಿ ಕಲಿಸಿದ ಪಾಠ ಮಗುವಿಗೆ ಬಾಯಿಪಾಠ.

"ಹೌದು ಮಗಾ, ಹಾರೂದೇ" ಎಂದು ಗಣಪಿಯಕ್ಕ ಬಾಗಿಲಿನ ಮೇಲೆ ಕೈಯಾಡಿಸಿದಳು. ಮೇಲೆ ಹುಡುಕಿದಳು, ಕೆಳಗೆ ನೀರಿನಲ್ಲಿ ಹುಡುಕಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ತಮಾ, ಹಿಡ್ಕೆ ಎಲ್ಲದೆ?"

"ಹೊರಗೆ" ಎಂದೆ.

ಕುಸುಮಾ ಹೊರಗಿನಿಂದ ಚಿಲಕ ಎಳೆಯುತ್ತಿದ್ದಳು, ತುಕ್ಕು ಹಿಡಿದ ಚಿಲಕ ಬಾಗಿ ಸಿಕ್ಕಿಕೊಂಡಿತ್ತು. ಗಾಜಿನ ಆಚೆ ಅವಳ ಬಾಯಿ ತೆರೆಯುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ನಾನು ಮಗುವನ್ನು ಎತ್ತಿ ಹಿಡಿದೆ. ಗಣಪಿಯಕ್ಕ ಗಾಜಿನ ಬುಡದ ಹೂವನ್ನೇ ನೋಡುತ್ತಿದ್ದಳು, ಅದು ತೇಲತೊಡಗಿತ್ತು. ಕೊನೆಗೆ ಉಮೇಶ ಓಡಿಬಂದು ಕಲ್ಲಿನಿಂದ ಜಜ್ಜಿ ಜಜ್ಜಿ ಬಾಗಿಲು ತೆರೆದ. ಮೊದಲು ಮಲ್ಲಿಗೆ ಹೊರಗೆ ಹೋಯಿತು, ಆಮೇಲೆ ನಾವು.

ಇದರಿಂದ ಉಮೇಶ ಪಾಠ ಕಲಿತನೇ ಎಂದು ತಾವು ಕೇಳಬಹುದು. ಕಲಿತ. ಮರುದಿನ ನನ್ನನ್ನು ಕರೆದು ಹೆಮ್ಮೆಯಿಂದ ತೋರಿಸಿದ: "ಹಳೇದು ತುಕ್ಕು ಹಿಡ್ದಿತ್ತು ಮಾಸ್ತರ್ರೇ, ಅದ್ಕೇ ಅಷ್ಟು ರಗಳೆ ಆದ್ದು. ಈಗ ಸ್ಟೀಲಿಂದು ಹಾಕಿದ್ದೆ ನೋಡಿ." ಹೊಳೆಯುವ, ದೊಡ್ಡದಾದ ಚಿಲಕ. ಅದೂ ಹೊರಗಡೆಯೇ. ನಾನು ಬೇಡಿಕೊಂಡೆ, ಬೈದೆ, ಮಾಸ್ತರಿಕೆಯ ದನಿಯಲ್ಲಿ ಗದರಿದೆ. ಅವನು ತಾಳ್ಮೆಯಿಂದ ಕೇಳಿ, "ಸಾಹೇಬ್ರೇ ಪಾಸ್ ಮಾಡಿದ್ದಾರೆ. ತಪ್ಪಿದ್ರೆ ಅವ್ರು ಹೇಳ್ತಿರ್ಲಿಲ್ವಾ? ನೀವು ಎಂತ ಸಾಹೇಬ್ರಿಗಿಂತ ದೊಡ್ಡೋರಾ?" ಎಂದ. ಅಲ್ಲ ಎಂದು ಒಪ್ಪಿಕೊಂಡು ಮನೆಗೆ ಬಂದೆ.

ಗಣಪಿಯಕ್ಕ ಈಗ ಆ ಗಾಡಿ ಹತ್ತುವುದಿಲ್ಲ. ಬುಟ್ಟಿ ಹೊತ್ತು ಬಸ್ಸಿಗೆ ನಡೆಯುತ್ತಾಳೆ. ಮೊನ್ನೆ ಬೇಲಿಯ ಬಳಿ ನಿಂತು ಕೇಳಿದಳು: "ಬೆಲ್ಟು ಕೊಯ್ದದ್ದು ನಾನು. ಚಿಲ್ಕ ಹೊಡ್ದದ್ದು ಅಂವ. ಆ ಸಾಹೇಬ್ರು ಎಂತ ಮಾಡಿದ್ರು ತಮಾ?" ಪ್ರಶ್ನೆಯನ್ನು ತಮಗೆ ತಲುಪಿಸುತ್ತಿದ್ದೇನೆ.

ಮಳೆಗೆ ಕೊಟ್ಟ ರಜೆ ಮುಗಿದು ಸೋಮವಾರ ಶಾಲೆ ತೆರೆಯುತ್ತದೆ. ಪಡುವಣದಲ್ಲಿ ಮತ್ತೆ ಮೋಡ ಕಟ್ಟುತ್ತಿದೆ. ನನ್ನ ಬೇಡಿಕೆ ದೊಡ್ಡದೇನಲ್ಲ. ತಾವು ಒತ್ತಿದ ಮುದ್ರೆಯನ್ನು ಹಿಂದಕ್ಕೆ ಪಡೆಯಿರಿ. ಹಲಗೆ ತೆಗೆದು, ಬೆಲ್ಟು ಹಾಕಿಸಿ, ಬಾಗಿಲಿಗೆ ಒಳಗಿನಿಂದ ಹಿಡಿಕೆ ಬರುವವರೆಗೆ ಆ ಗಾಡಿಯಲ್ಲಿ ಒಂದು ಮಗುವೂ ಕೂರಬಾರದು ಎಂದು ತಮ್ಮ ಬಾಯಿಂದಲೇ ಹೇಳಿ. ಉಮೇಶ ಕೇಳುವುದು ತಮ್ಮ ಮಾತನ್ನು ಮಾತ್ರ. ಹಾಗೆ ಹೇಳಲು ಸಂಕೋಚವಾದರೆ ಇನ್ನೊಂದು ದಾರಿಯಿದೆ. ಸೋಮವಾರ ಬೆಳಿಗ್ಗೆ ಬಾಡಕ್ಕೆ ಬನ್ನಿ. ಹಿಂದಿನ ಸಾಲಿನಲ್ಲಿ, ಧನ್ಯಾಳ ಪಕ್ಕದಲ್ಲಿ, ತಮಗಾಗಿ ಜಾಗ ಹಿಡಿದಿಟ್ಟಿದ್ದೇನೆ. ಚಿಲಕವನ್ನು ನಾನೇ ಹಾಕುತ್ತೇನೆ. ಕುಮಟೆಯಲ್ಲಿ ತೆಗೆಯುವುದನ್ನೂ ಆದಷ್ಟು ನೆನಪಿಟ್ಟುಕೊಳ್ಳುತ್ತೇನೆ. ವಯಸ್ಸಾಯಿತು ನೋಡಿ, ಸ್ವಲ್ಪ ಮರೆವು.

ಇಂತಿ,
ಹೊರಗಿನವರು ಬಂದು ಬಾಗಿಲು ತೆಗೆಯುವ ತನಕ ಬದುಕಿರುವುದನ್ನು ಒಮ್ಮೆ ಅಭ್ಯಾಸ ಮಾಡಿ ನೋಡಿದ,
ಹಿಂದಿನ ಸಾಲಿನ ಮಾಸ್ತರ,
ಬಾಡ