ಗೀರುಗಳ ಓರೆ

ಫೆಬ್ರವರಿ 8, ಶನಿವಾರ

ಬೆಳಗಿನಿಂದ ಗ್ಯಾರೇಜಿನಲ್ಲಿ ಗುಂಡು ಎರಕ. ಸೀಸ ಎರೆಯುವುದು ನಾನು, ಬಿಸಿ ಗುಂಡನ್ನು ನೀರಿನ ಬಕೆಟ್ಟಿಗೆ ಬೀಳಿಸುವುದೂ ನಾನೇ. ನನ್ನ ಗಂಡ ಆರಿನ್ ತಾಮ್ರದ ತಳ ಕೂರಿಸಿ ಮೇಣ ಬಳಿಯುತ್ತಾನೆ. ಒಂದೇ ಪಾತ್ರೆ, ಒಂದೇ ಅಚ್ಚು, ಒಂದೇ ಮದ್ದು. ಅರ್ಧ ಅವನ ರೈಫಲ್‌ಗೆ, ಅರ್ಧ ನನ್ನದಕ್ಕೆ.

ಮಧ್ಯಾಹ್ನ ಶೂಟಿಂಗ್ ಕ್ಲಬ್ಬಿನ ರೇಂಜ್. ಅವನ ಐದೂ ಗುಂಡು ಒಂದು ನಾಣ್ಯದಡಿ ಮುಚ್ಚಿಹೋಗುವಷ್ಟು ಹತ್ತಿರ. ನನ್ನವು ಸಾಸರ್ ಅಗಲ. ಕಡಿಮೆ ವೇಗದಲ್ಲಿ ನನ್ನವೂ ಒಂದೆಡೆ ಬೀಳುತ್ತವೆ. ಮದ್ದು ಹೆಚ್ಚಿಸಿ ವೇಗ ಏರಿಸಿದೆನೋ — ಚೆಲ್ಲಾಪಿಲ್ಲಿ. ಎರಕದ ಗುಂಡನ್ನು ಜೋರಾಗಿ ಓಡಿಸಿಯೂ ನೇರ ಕಳಿಸುವ ವಿದ್ಯೆ ಈ ಕಣಿವೆಯಲ್ಲಿ ಮೂರ್ನಾಲ್ಕು ಜನಕ್ಕಷ್ಟೇ ಒಲಿದಿದೆ. ಆರಿನ್‌ಗೆ ಎಲ್ಲರಿಗಿಂತ ಹೆಚ್ಚು.

ಕಾಫಿ ಮೇಜಿನಲ್ಲಿ ಲೈಲ್, ನಮ್ಮಿಬ್ಬರ ರೈಫಲ್ ಕಟ್ಟಿದವನು, ನನ್ನ ಟಾರ್ಗೆಟ್ ಎತ್ತಿ ತೋರಿಸಿದ. “ಏನ್ ಲೆನ್, ಕಾಗದಕ್ಕೆ ಸಿಡುಬು ಎದ್ದಿದೆಯಲ್ಲ!”

ಎಲ್ಲ ನಕ್ಕರು. ನಾನೂ.

“ಸುಮ್ನಿರೋ ಲೈಲ್,” ಆರಿನ್ ನನ್ನ ಭುಜದ ಮೇಲೆ ಕೈಯಿಟ್ಟ. “ಅವಳ ಕೈ ಸ್ವಲ್ಪ... ಅಷ್ಟೆ.”

ಕೈ. ಮತ್ತೆ ಕೈ.

ಫೆಬ್ರವರಿ 20, ಗುರುವಾರ

ಬೋಯಿಸಿ ನಗರಕ್ಕೆ ಹೋಗಿ ನರರೋಗದ ಡಾಕ್ಟರಿಗೆ ತೋರಿಸಿ ಬಂದೆವು. ಕಾಗದದ ಮೇಲೆ ಸುರುಳಿ ಬರೆಸಿದರು, ಬೆರಳು ತಟ್ಟಿಸಿದರು. ಏನೂ ಇಲ್ಲ ಎಂದರು. ಆರಿನ್ ಉದ್ದಕ್ಕೂ ನನ್ನ ಎಡಗೈ ಹಿಡಿದು ಕೂತಿದ್ದ.

ಕಾರಿನಲ್ಲಿ ಕೇಳಿದೆ, ನಂಬಲೇ?

“ಶುರುವಿನಲ್ಲಿ ಅವರಿಗೂ ಗೊತ್ತಾಗಲ್ಲ ಕಣೇ. ನಿಮ್ಮಮ್ಮಂಗೂ ಹೀಗೇ ಅಂದಿದ್ರಲ್ಲ.”

ನಿಜ. ಅಮ್ಮನ ಕೈ ನಡುಗಿ ಚಮಚದಿಂದ ಸೂಪು ಚೆಲ್ಲತೊಡಗಿದಾಗ ಅವಳಿಗೂ ನನ್ನದೇ ವಯಸ್ಸು. ಗುಂಡು ಒಂದೇ, ಮದ್ದು ಒಂದೇ, ಇಬ್ಬರ ಬ್ಯಾರೆಲ್ಲೂ ಒಂದೇ ಬಗೆ ಅಂದಮೇಲೆ ಉಳಿಯುವುದೇನು? ನಾನು ಪರರ ಬಾಯೊಳಗೆ ಚೂಪು ಕೊಕ್ಕೆ ಹಾಕಿ ಹಲ್ಲು ಶುಚಿ ಮಾಡುವವಳು. ಇನ್ನೂ ಆ ಕೆಲಸ ಮಾಡುವುದು ಸರಿಯೇ?

ಮಾರ್ಚ್ 3, ಸೋಮವಾರ

ಕ್ಲಿನಿಕ್ಕಿನ ಮುಂದಿನ ಮೇಜಿಗೆ ಬಂದೆ. ನಾನೇ ಕೇಳಿಕೊಂಡೆ. ಇನ್ನು ಫೋನ್ ಎತ್ತುವುದು, ರೋಗಿಗಳ ಹೆಸರು ಕರೆಯುವುದು. ಒಳಗೆ ನನ್ನ ಜಾಗದಲ್ಲಿ ಹೊಸ ಹುಡುಗಿ. ಒಳ್ಳೆಯವಳು. ಅವಳ ಉಪಕರಣದ ಸದ್ದು ಕೇಳಿಸಿದಾಗಲೆಲ್ಲ ನನ್ನ ಬೆರಳುಗಳು ತಾವಾಗಿಯೇ ಮಡಚಿಕೊಳ್ಳುತ್ತವೆ.

ಸರಿಯಾದ್ದನ್ನೇ ಮಾಡಿದೆ. ಅಂದುಕೊಳ್ಳುತ್ತೇನೆ.

ಮಾರ್ಚ್ 23, ಭಾನುವಾರ

ಹಿಮ ಕರಗಿತು. ಚಳಿಗಾಲವಿಡೀ ಟಾರ್ಗೆಟ್ ಹಿಂದೆ ನಾವು ಹಿಮದ ಉದ್ದ ದಿಬ್ಬ ಪೇರಿಸಿಡುತ್ತೇವೆ. ಗುಂಡುಗಳು ಅದರೊಳಗೆ ಹೋಗಿ ಜಖಂ ಆಗದೆ ನಿಲ್ಲುತ್ತವೆ. ವಸಂತದಲ್ಲಿ ಎಲ್ಲರೂ ಬಕೆಟ್ ಹಿಡಿದು ಆರಿಸುವುದು. ಸೀಸ ಮತ್ತೆ ಪಾತ್ರೆಗೆ. ಲೈಲ್‌ನ ಹೆಂಡತಿ ನೆಡೀನ್ ಹಕಲ್‌ಬೆರಿ ಹಣ್ಣಿನ ಪೈ ತಂದಿದ್ದಳು.

ಆರಿನ್‌ನ ಸಾಲಿನ ಗುಂಡುಗಳನ್ನೂ ಎಂದಿನಂತೆ ನಾನೇ ಆರಿಸಿದೆ. ಟ್ರಕ್ಕಿನ ಹಿಂದೆ ಕೂತು ಒಂದೊಂದನ್ನೂ ಒರೆಸಿ ನೋಡಿದೆ — ನನ್ನ ತಪ್ಪು ಗುಂಡಿನ ಮೈಮೇಲೆ ಕಾಣಬಹುದೇನೋ ಎಂದು. ಬ್ಯಾರೆಲ್‌ನೊಳಗೆ ಸುರುಳಿಯಾಗಿ ಕೊರೆದ ತಿರುಗಣೆ ಪ್ರತಿ ಗುಂಡಿನ ಮೇಲೂ ಓರೆ ಗೀರು ಬಿಡುತ್ತದೆ. ಅವನದೊಂದು, ನನ್ನದೊಂದು ಅಕ್ಕಪಕ್ಕ ಇಟ್ಟೆ.

ನನ್ನ ಗೀರು ಹೆಚ್ಚು ಓರೆ. ಅವನದು ಬಹುಪಾಲು ನೆಟ್ಟಗೆ.

ಇನ್ನೊಂದು ಜೋಡಿ. ಮತ್ತೊಂದು. ಎಲ್ಲವೂ ಹಾಗೇ.

ಅಂದರೆ ನನ್ನ ಬ್ಯಾರೆಲ್ ಗುಂಡನ್ನು ಹೆಚ್ಚು ತಿರುಗಿಸುತ್ತದೆ. ವೇಗವೂ ಹೆಚ್ಚು, ತಿರುಗುವುದೂ ಹೆಚ್ಚು ಅಂದರೆ ಎರಕದೊಳಗಿನ ಕಣ್ಣಿಗೆ ಕಾಣದ ಗುಳ್ಳೆಯೂ ಗುಂಡನ್ನು ದಾರಿ ತಪ್ಪಿಸುತ್ತದೆ. ಯಾರ ಕೈಯಲ್ಲಿದ್ದರೂ. ಈ ಕ್ಲಬ್ಬಿನಲ್ಲಿ ಇದು ಎಲ್ಲರಿಗೂ ಗೊತ್ತು.

ಮದುವೆಯ ಇಪ್ಪತ್ತನೇ ವರ್ಷಕ್ಕೆ ಆರಿನ್ ಲೈಲ್‌ನಿಂದ ಎರಡು ಬ್ಯಾರೆಲ್ ಮಾಡಿಸಿದ್ದ. “ಎರಡೂ ಒಂದೇನಾ?” ಎಂದು ಕೇಳಿದ್ದೆ. “ಅವಳಿ ಮಕ್ಳು ಕಣೇ,” ಎಂದಿದ್ದ. ಪ್ರತಿ ಗುಂಡನ್ನೂ ತೂಗಿ ನೋಡುವವಳು ಅದನ್ನು ಅಳೆಯಲಿಲ್ಲ. ಉಡುಗೊರೆಯನ್ನು ಯಾರು ಅಳೆಯುತ್ತಾರೆ? ಮೇಲಾಗಿ, ಇನ್ನೊಬ್ಬರ ಬ್ಯಾರೆಲ್‌ಗೆ ಇಲ್ಲಿ ಯಾರೂ ಶುಚಿ ಮಾಡುವ ಕೋಲು ಹಾಕುವುದಿಲ್ಲ. ಹಲ್ಲುಜ್ಜುವ ಬ್ರಷ್ ಇದ್ದಂತೆ ಅದು.

ಮಾರ್ಚ್ 24, ಸೋಮವಾರ

ಅವನು ಕೆಲಸಕ್ಕೆ ಹೋದಮೇಲೆ ಕೋಲು ಹಾಕಿದೆ. ಬಿಗಿ ಬಟ್ಟೆ ಸುತ್ತಿ, ಗುರುತು ಹಾಕಿ, ಮೆಲ್ಲಗೆ ತಳ್ಳಿ, ಕೋಲು ಒಂದು ಸುತ್ತು ತಿರುಗಲು ಎಷ್ಟು ಇಂಚು ಬೇಕೆಂದು ನೋಡಿದೆ. ನನ್ನದು ಹತ್ತು ಇಂಚಿಗೆ ಒಂದು ಸುತ್ತು. ಅವನದು ಹದಿನಾಲ್ಕು.

ಲೈಲ್‌ಗೆ ಫೋನ್. ಎರಡು ಅಳತೆಯನ್ನೂ ಓದಿ ಹೇಳಿದೆ.

“ಅವನೇ ಹಾಗೆ ಮಾಡ್ಸಿದ್ದು ಲೆನ್. ತಮಾಷೆಗೆ, ನೀನೇ ಕಂಡುಹಿಡೀಲಿ ಅಂದ. ಒಂದ್ ತಿಂಗಳಲ್ಲಿ ಹೇಳ್ತಾನೆ ಅಂದ್ಕೊಂಡಿದ್ದೆ. ಆಮೇಲೆ... ಬಾಯಿ ಬಿಡೋಕೆ ನಂಗೇ ನಾಚಿಕೆ ಆಯ್ತು.”

ಹಿಂದಿನಿಂದ ನೆಡೀನ್: “ಹೇಳಿಬಿಡು ಅಂತ ಬಡ್ಕೊಂಡೆ ನಿಂಗೆ!”

ಅವಳಿಗೂ ಗೊತ್ತಿತ್ತು. ಬೋಯಿಸಿಯಿಂದ ಬಂದ ದಿನ ಬಿಸಿ ಸೂಪು ತಂದುಕೊಟ್ಟು ನನ್ನನ್ನು ತಬ್ಬಿಕೊಂಡಿದ್ದಳು.

ಮಾರ್ಚ್ 29, ಶನಿವಾರ

ವಾರವಿಡೀ ಏನೂ ಹೇಳಲಿಲ್ಲ. ಯಾಕೆ? ಅವನೇ ಹೇಳಲಿ ಎಂದೇ? ಅಥವಾ ಹೇಳಿದರೆ ನಿಜವಾಗಿಬಿಡುತ್ತದೆ ಎಂದೇ?

ಇಂದು ರೇಂಜಿನಲ್ಲಿ, “ನಿನ್ನ ರೈಫಲ್ ಕೊಡು,” ಎಂದೆ. ಮುಖ ನೋಡಿದ. ಕೊಟ್ಟ.

ಐದು ಗುಂಡು. ಒಂದೇ ಹರಕು ತೂತು.

ಆರಿನ್ ದುರ್ಬೀನಿನಿಂದ ಕಣ್ಣು ತೆಗೆದು, “ನೋಡು, ನಿನ್ನ ಕೈಗೆ ಏನೂ ಆಗಿಲ್ಲ!” ಎಂದ. ಸಂತೋಷದಿಂದ. ಒಳ್ಳೆಯ ಸುದ್ದಿ ಅವನೇ ತಂದವನ ಹಾಗೆ.

“ಯಾಕೆ ಆರಿನ್?”

ರೈಫಲ್‌ನ ಬೋಲ್ಟ್ ತೆಗೆದ, ಹಾಕಿದ. “ಕ್ಲಬ್ಬಿಗೆ ಬಂದ ಮೊದಲ ವರ್ಷವೇ ನನ್ನ ಸೋಲಿಸಿದೆ. ನಾನು ಹುಡುಗನಾಗಿದ್ದಾಗಿಂದ ಮಾಡ್ಕೊಂಡು ಬಂದಿದ್ದು ಇದು. ಜೋರು ವೇಗದ ಗೆಲುವೊಂದಾದ್ರೂ ನನಗಿರಲಿ ಅನ್ನಿಸ್ತು. ನಿಯಮ ಏನೂ ಮುರಿದಿಲ್ಲ ನಾನು.”

ಇಲ್ಲ. ಮುರಿದಿಲ್ಲ. ಯಾವ ತಿರುಗಣೆ ಇರಬೇಕೆಂದು ಕ್ಲಬ್ ಹೇಳುವುದಿಲ್ಲ. ಅವನನ್ನು ಗೆಲ್ಲಿಸಿದ ಗುಂಡುಗಳನ್ನೆಲ್ಲ ಎರೆದವಳು ನಾನು.

ಮಾರ್ಚ್ 30, ಭಾನುವಾರ, ಬೆಳಿಗ್ಗೆ 9

ಗ್ಯಾರೇಜಿನಿಂದ ಕೂಗಿದ. “ಲೆನ್, ಸೀಸ ಕಾದಿದೆ. ಬರ್ತೀಯಾ?” ದಿನವೂ ಕರೆಯುವ ದನಿಯಲ್ಲೇ. ಹೋಗಲಿಲ್ಲ.

ಬ್ಯಾರೆಲ್ ವಿಷಯ ಕ್ಷಮಿಸಬಹುದೇನೋ. ಗೆಲ್ಲಬೇಕೆಂಬ ಆಸೆ ನನಗೂ ಗೊತ್ತು. ಕಾಫಿ ಮೇಜಿನ ನಗುವನ್ನೂ ಮರೆಯಬಹುದು, ವರ್ಷ ಹಿಡಿದರೂ ಸರಿ.

ಒಲೆ ಆರಿಸಿದ ಸದ್ದು. ಮೆಟ್ಟಿಲ ಮೇಲೆ ಹೆಜ್ಜೆ. ಬರಲಿ. ಒಂದೇ ಒಂದು ಕೇಳುತ್ತೇನೆ. ಆ ದಿನ ಡಾಕ್ಟರ ಕೋಣೆಯಲ್ಲಿ ನನ್ನ ಕೈ ಹಿಡಿದು ಕೂತಿದ್ದೆಯಲ್ಲ, ಆರಿನ್, ಅವರು ಏನೂ ಇಲ್ಲ ಎಂದಮೇಲೂ, ತಪ್ಪು ಬ್ಯಾರೆಲ್‌ದೆಂದು ಗೊತ್ತಿದ್ದೂ, ಅಮ್ಮನ ಹೆಸರು ಯಾಕೆ ಎತ್ತಿದೆ?